ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ತರಬೇತುದಾರರ ಇತಿಹಾಸವನ್ನು ಬರೆಯುವ ಕ್ರಮ: ಕ್ಯಾನ್ಸಸ್ ತಂಡದ ಉದಾಹರಣೆಯೊಂದಿಗೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಟಗಾರರು ಕೆಲವೇ ವರ್ಷ ಆಡಿ ಹೊರಟುಹೋಗುತ್ತಾರೆ. ತಂಡದ ನಡೆನುಡಿಯನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವವರು ಮುಖ್ಯ ತರಬೇತುದಾರರು. ಆದ್ದರಿಂದಲೇ ಇಂತಹ ತಂಡವೊಂದರ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ತರಬೇತುದಾರರ ಪಟ್ಟಿಯನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಹೆಸರು, ಅವಧಿ, ಗೆಲುವು, ಸೋಲು ಮತ್ತು ಗೆಲುವಿನ ಶೇಕಡಾವಾರು ಇರುವ ಕೋಷ್ಟಕವೊಂದು ಸಿದ್ಧವಾದ ಕೂಡಲೇ ಕೆಲಸ ಮುಗಿಯಿತೆಂದು ಅನ್ನಿಸುವುದು ಸಹಜ. ಆದರೆ ಆ ಕೋಷ್ಟಕವನ್ನು ಹಾಗೆಯೇ ಓದಿದರೆ ಬೇರೆ ಬೇರೆ ನಿಯಮಗಳ ಕಾಲದಲ್ಲಿ, ಬೇರೆ ಬೇರೆ ಹೊಣೆಗಳನ್ನು ಹೊತ್ತು ದುಡಿದವರನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ. ಪ್ರತಿಯೊಬ್ಬರ ಅಂಕಿಯನ್ನೂ ಅವರವರ ಕಾಲಕ್ಕೆ ಸೇರಿಸಿ ಓದುವುದು ಹೇಗೆಂಬುದನ್ನು ಕ್ಯಾನ್ಸಸ್ ವಿಶ್ವವಿದ್ಯಾಲಯದ ಪುರುಷರ ತಂಡದ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ. 1898ರಿಂದ ಇಂದಿನವರೆಗೆ ಎಂಟೇ ಮಂದಿ ಮುಖ್ಯ ತರಬೇತುದಾರರನ್ನು ಲೆಕ್ಕ ಹಾಕುವ ಈ ತಂಡದ ಪಟ್ಟಿ ಚಿಕ್ಕದು. ಆದರೂ ಇತಿಹಾಸಕಾರನಿಗೆ ಎದುರಾಗುವ ಬಹುತೇಕ ತೊಡಕುಗಳೂ ಅದರೊಳಗೇ ಇವೆ.

ಎಣಿಕೆಯ ನಿಯಮವನ್ನು ಮೊದಲೇ ಗೊತ್ತುಮಾಡಿಕೊಳ್ಳಿ

ಪಟ್ಟಿಗೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಮೊದಲ ಹೆಸರು ಬರೆಯುವ ಮುನ್ನವೇ ತೀರ್ಮಾನಿಸಬೇಕು. ಕ್ಯಾನ್ಸಸ್‌ನಲ್ಲಿ 1919ರಲ್ಲಿ ಕಾರ್ಲ್ ಶ್ಲೇಡ್‌ಮನ್ ಒಂದೇ ಒಂದು ಪಂದ್ಯಕ್ಕೆ ತಂಡವನ್ನು ನಡೆಸಿ, ಅದನ್ನು ಗೆದ್ದು, ಹೊಣೆಯನ್ನು, ಮುಂದೆ ದಶಕಗಳ ಕಾಲ ತಂಡವನ್ನು ನಡೆಸಿದ ಫಾಗ್ ಅಲೆನ್ ಅವರಿಗೆ ಒಪ್ಪಿಸಿದರು. ಅವರನ್ನು ಸೇರಿಸಿದರೆ ಸಂಖ್ಯೆ ಒಂಬತ್ತಾಗುತ್ತದೆ, ಬಿಟ್ಟರೆ ಎಂಟು. 1946–47ರ ಋತುವಿನಲ್ಲಿ ಅಲೆನ್ ಅಸ್ವಸ್ಥರಾದಾಗ ಹೊವರ್ಡ್ ಎಂಗಲ್‌ಮನ್ ಉಳಿದ ಪಂದ್ಯಗಳನ್ನು ನಡೆಸಿಕೊಟ್ಟರು. 2023ರ ಮಾರ್ಚ್‌ನಲ್ಲಿ ಈಗಿನ ತರಬೇತುದಾರ ಬಿಲ್ ಸೆಲ್ಫ್ ಹೃದಯದ ಚಿಕಿತ್ಸೆಗೆ ಒಳಗಾದಾಗ ಸಹಾಯಕರಾಗಿದ್ದ ನಾರ್ಮ್ ರಾಬರ್ಟ್ಸ್ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ನಡೆಸುವ ರಾಷ್ಟ್ರೀಯ ಟೂರ್ನಿಯಲ್ಲೂ ತಂಡವನ್ನು ಮುನ್ನಡೆಸಿದರು. ಹಂಗಾಮಿಯಾಗಿ ದುಡಿದ ಇಂಥವರನ್ನು ಮುಖ್ಯ ಪಟ್ಟಿಯಲ್ಲಿ ಎಣಿಸದೆ, ಆಯಾ ತರಬೇತುದಾರರ ವಿವರದೊಳಗೆ ಹೆಸರು ಹೇಳಿ ದಾಖಲಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ. ನೀವು ಬೇರೆ ನಿಯಮವನ್ನು ಆರಿಸಿಕೊಳ್ಳಬಹುದು, ಆದರೆ ಅದನ್ನು ಪಟ್ಟಿಯ ತಲೆಯಲ್ಲೇ ಬರೆದು ಕೊನೆಯವರೆಗೂ ಪಾಲಿಸಬೇಕು.

ಅಲೆನ್ ಅವರದೇ ಇನ್ನೊಂದು ತೊಡಕಿದೆ. ಅವರು 1907ರಿಂದ 1909ರವರೆಗೆ ಒಮ್ಮೆ, 1919ರಿಂದ 1956ರವರೆಗೆ ಮತ್ತೊಮ್ಮೆ ತರಬೇತುದಾರರಾಗಿದ್ದರು. ನಡುವಿನ ಹತ್ತು ವರ್ಷ ಡಬ್ಲ್ಯು. ಓ. ಹ್ಯಾಮಿಲ್ಟನ್ ಅವರದು. ಎರಡು ಅವಧಿಗಳನ್ನು ಎರಡು ಸಾಲುಗಳಲ್ಲಿ ಬರೆದರೂ ವ್ಯಕ್ತಿಯನ್ನು ಒಮ್ಮೆ ಮಾತ್ರ ಎಣಿಸಬೇಕು. ಹ್ಯಾಮಿಲ್ಟನ್ 125 ಪಂದ್ಯಗಳನ್ನು ಗೆದ್ದು 59ರಲ್ಲಿ ಸೋತವರು, ಆದರೆ ಅಲೆನ್ ಅವರ ಎರಡು ಅವಧಿಗಳ ನಡುವೆ ಸಿಕ್ಕಿಕೊಂಡಿರುವುದರಿಂದ ಅವರ ಹೆಸರು ಮರೆತುಹೋಗಿದೆ. ಎರಡು ಅವಧಿಗಳನ್ನು ಒಂದೇ ಸಾಲಿಗೆ ಸೇರಿಸಿ ಬರೆಯುವ ಪಟ್ಟಿಗಳು ಈ ಮರೆವಿಗೆ ಇನ್ನಷ್ಟು ನೆರವಾಗುತ್ತವೆ.

ಒಂದು ತಂಡದಲ್ಲಿನ ಸಾಧನೆಯನ್ನೂ ಇಡೀ ವೃತ್ತಿಜೀವನದ ಸಾಧನೆಯನ್ನೂ ಬೆರೆಸದಂತೆ ಎಚ್ಚರ ವಹಿಸಬೇಕು. ಅಲೆನ್ ಕ್ಯಾನ್ಸಸ್‌ನಲ್ಲಿ ಗೆದ್ದದ್ದು 590, ಒಟ್ಟಾರೆ 746. ರಾಯ್ ವಿಲಿಯಮ್ಸ್ ಕ್ಯಾನ್ಸಸ್‌ನಲ್ಲಿ 418 ಪಂದ್ಯಗಳನ್ನೂ ಅನಂತರ ನಾರ್ತ್ ಕ್ಯಾರೊಲಿನಾದಲ್ಲಿ 485 ಪಂದ್ಯಗಳನ್ನೂ ಗೆದ್ದು ಒಟ್ಟು 903ಕ್ಕೆ ಮುಟ್ಟಿದರು. ಪತ್ರಿಕೆಗಳ ಹಳೆಯ ವರದಿಗಳಲ್ಲಿ ಈ ಎರಡು ಬಗೆಯ ಅಂಕಿಗಳು ಹೇಳದೆಕೇಳದೆ ಒಂದರ ಜಾಗದಲ್ಲಿ ಇನ್ನೊಂದು ಕಾಣಿಸಿಕೊಳ್ಳುವುದುಂಟು. ಮಹಿಳಾ ತಂಡದ ಪಟ್ಟಿಯನ್ನು ಪ್ರತ್ಯೇಕವಾಗಿಯೇ, ಅಷ್ಟೇ ಶ್ರದ್ಧೆಯಿಂದ ಮಾಡಬೇಕು. ಕ್ಯಾನ್ಸಸ್ ಮಹಿಳಾ ತಂಡವನ್ನು ಮರಿಯನ್ ವಾಷಿಂಗ್ಟನ್ 1973ರಿಂದ 2004ರವರೆಗೆ ನಡೆಸಿದರು, ಅಷ್ಟು ದೀರ್ಘಕಾಲ ಪುರುಷರ ತಂಡವನ್ನು ನಡೆಸಿದವರು ಅಲೆನ್ ಒಬ್ಬರೇ.

ಅಂಕಿಯನ್ನು ಅದರ ಕಾಲಕ್ಕೆ ಸೇರಿಸಿ ಓದಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಬೇಡುವ ಭಾಗ ಇದೇ, ಅತಿ ಹೆಚ್ಚು ಫಲ ಕೊಡುವುದೂ ಇದೇ. ಕ್ಯಾನ್ಸಸ್‌ನ ಮೊದಲ ತರಬೇತುದಾರ ಜೇಮ್ಸ್ ನೇಸ್ಮಿತ್, 1891ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನೇ ರೂಪಿಸಿದವರು. ಅವರ ಲೆಕ್ಕ 55 ಗೆಲುವು, 60 ಸೋಲು. ಗೆಲುವಿಗಿಂತ ಸೋಲು ಹೆಚ್ಚಿರುವ ಕ್ಯಾನ್ಸಸ್ ತರಬೇತುದಾರರು ಅವರೊಬ್ಬರೇ. ಈ ವೈಚಿತ್ರ್ಯವನ್ನು ಹೇಳಿ ಮುಂದೆ ಹೋಗುವ ಬರಹಗಳು ಬಹಳ. ಆದರೆ ನೇಸ್ಮಿತ್ 1898ರಲ್ಲಿ ವಿಶ್ವವಿದ್ಯಾಲಯವಿರುವ ಲಾರೆನ್ಸ್ ಪಟ್ಟಣಕ್ಕೆ ಬಂದದ್ದು ಪಂದ್ಯ ಗೆಲ್ಲಿಸಲೆಂದಲ್ಲ. ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರದ ಮತ್ತು ದೈಹಿಕ ಶಿಕ್ಷಣದ ಹೊಣೆ ಹೊರಲು. ತಂಡದ ಮೊದಲ ಪಂದ್ಯ 1899ರ ಫೆಬ್ರುವರಿಯಲ್ಲಿ ಕ್ಯಾನ್ಸಸ್ ಸಿಟಿಯ ವೈಎಂಸಿಎ ತಂಡದ ವಿರುದ್ಧ ನಡೆದು 16–5ರ ಸೋಲಿನಲ್ಲಿ ಮುಗಿಯಿತು. ಎದುರಾಳಿ ಕಾಲೇಜು ತಂಡವೇ ಆಗಿರಲಿಲ್ಲ ಎಂಬುದನ್ನು ಗಮನಿಸಿ. ವೃತ್ತಿಪರ ತರಬೇತುದಾರನೆಂಬ ಹುದ್ದೆಯೇ ಇನ್ನೂ ಮೂಡದಿದ್ದ ಕಾಲದ ಶಿಕ್ಷಕರೊಬ್ಬರ ಅಂಕಿಯನ್ನು ಇಂದಿನವರ ಅಂಕಿಯ ಪಕ್ಕದಲ್ಲಿಟ್ಟು ಅಳೆಯುವುದು ಅನ್ಯಾಯ.

ಆದ್ದರಿಂದ ಕೋಷ್ಟಕದ ಪಕ್ಕದಲ್ಲಿ ಇನ್ನೊಂದು ಕಾಲರೇಖೆಯನ್ನು ಎಳೆದುಕೊಳ್ಳಿ. ಅದರಲ್ಲಿ ಆಟದ ಮತ್ತು ಟೂರ್ನಿಯ ನಿಯಮಗಳು ಬದಲಾದ ವರ್ಷಗಳನ್ನು ಗುರುತಿಸಿ. 1937ರವರೆಗೆ ಪ್ರತಿ ಬ್ಯಾಸ್ಕೆಟ್ ಬಿದ್ದ ಮೇಲೂ ಅಂಗಣದ ನಡುವೆ ಚೆಂಡನ್ನು ಎಸೆದು ಆಟವನ್ನು ಮತ್ತೆ ಆರಂಭಿಸುತ್ತಿದ್ದರು. ಹಾಗಾಗಿ ಎತ್ತರದ ಒಬ್ಬ ಸೆಂಟರ್ ಆಟಗಾರನಿದ್ದ ತಂಡಕ್ಕೆ ಇದ್ದ ಅನುಕೂಲ ಅನಂತರ ಕಡಿಮೆಯಾಯಿತು. ಎನ್‌ಸಿಎಎ ಟೂರ್ನಿ 1939ರಲ್ಲಿ ಎಂಟು ತಂಡಗಳೊಂದಿಗೆ ಶುರುವಾಯಿತು. 1985ರಲ್ಲಿ ತಂಡಗಳ ಸಂಖ್ಯೆ 64ಕ್ಕೆ ಏರಿತು. ಕಾಲೇಜು ಆಟಕ್ಕೆ ಶಾಟ್ ಕ್ಲಾಕ್ (ನಿಗದಿತ ಸಮಯದೊಳಗೆ ಚೆಂಡನ್ನು ಬ್ಯಾಸ್ಕೆಟ್‌ನತ್ತ ಎಸೆಯಬೇಕೆಂಬ ಗಡಿಯಾರ) 1985–86ರಲ್ಲಿಯೂ ದೇಶಾದ್ಯಂತ ಮೂರು ಅಂಕದ ಗೆರೆ (ಅದರಾಚೆಯಿಂದ ಹಾಕಿದ ಬ್ಯಾಸ್ಕೆಟ್‌ಗೆ ಮೂರು ಅಂಕ) 1986–87ರಲ್ಲಿಯೂ ಬಂದವು. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡಲು 1972–73ರಿಂದಷ್ಟೇ ಅವಕಾಶ ದೊರೆಯಿತು.

ಈ ರೇಖೆಯನ್ನು ತರಬೇತುದಾರರ ಪಟ್ಟಿಯ ಮೇಲೆ ಹೊಂದಿಸಿದಾಗ ಹಲವು ತೀರ್ಪುಗಳು ತಾವಾಗಿಯೇ ಬದಲಾಗುತ್ತವೆ. ಅಲೆನ್ ಅವರ 39 ಋತುಗಳಲ್ಲಿ ಎನ್‌ಸಿಎಎ ಪ್ರಶಸ್ತಿ ಒಂದೇ, 1952ರಲ್ಲಿ ಸೇಂಟ್ ಜಾನ್ಸ್ ತಂಡವನ್ನು 80–63ರಿಂದ ಸೋಲಿಸಿದಾಗ ಬಂದದ್ದು. ಆದರೆ ಆ 39 ಋತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಆ ಟೂರ್ನಿಯೇ ಇರಲಿಲ್ಲ. 1922 ಮತ್ತು 1923ರ ರಾಷ್ಟ್ರೀಯ ಪ್ರಶಸ್ತಿಗಳು ಹೆಲ್ಮ್ಸ್ ಪ್ರತಿಷ್ಠಾನವು ಅನಂತರದ ವರ್ಷಗಳಲ್ಲಿ ಹಿಂದಿನ ಕಾಲಕ್ಕೆ ಅನ್ವಯಿಸುವಂತೆ ನೀಡಿದವು. ಅವನ್ನು ಬಿಡಬೇಕಾಗಿಲ್ಲ, ಆದರೆ ಅಂಗಣದಲ್ಲಿ ಗೆದ್ದ ಟೂರ್ನಿಯ ಪ್ರಶಸ್ತಿಯ ಜೊತೆಗೆ ಕೂಡಿಸಿ ಹೇಳುವುದು ಸರಿಯಲ್ಲ. ಟೆಡ್ ಓವೆನ್ಸ್ ಅವರ ವಿಷಯದಲ್ಲಿ ಈ ಹೋಲಿಕೆ ಇನ್ನೂ ಮುಖ್ಯ. 1964ರಿಂದ 1983ರವರೆಗೆ 348 ಪಂದ್ಯಗಳನ್ನು ಗೆದ್ದ ಅವರು ತಂಡವನ್ನು 1971 ಮತ್ತು 1974ರಲ್ಲಿ ಎನ್‌ಸಿಎಎ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತವಾದ ಫೈನಲ್ ಫೋರ್‌ಗೆ ಒಯ್ದರು. ಆದರೆ ಅವರ ಅವಧಿಯ ಮೊದಲ ದಶಕದಲ್ಲಿ ಒಂದು ಕಾನ್ಫರೆನ್ಸ್‌ನಿಂದ (ತಮ್ಮೊಳಗೆ ನಿಯಮಿತವಾಗಿ ಆಡುವ ಕಾಲೇಜುಗಳ ಗುಂಪು) ಒಂದೇ ತಂಡಕ್ಕೆ ಎನ್‌ಸಿಎಎ ಟೂರ್ನಿಯ ಬಾಗಿಲು ತೆರೆಯುತ್ತಿತ್ತು. ಕಾನ್ಫರೆನ್ಸ್‌ನಲ್ಲಿ ಎರಡನೆಯ ಸ್ಥಾನ ಪಡೆದ ಒಳ್ಳೆಯ ತಂಡವೂ ಅಲ್ಲಿಗೆ ಹೋಗುವಂತಿರಲಿಲ್ಲ. ಮುಂದೆ ಬಂದವರಿಗೆ ಸಿಕ್ಕಷ್ಟು ಅವಕಾಶಗಳು ಓವೆನ್ಸ್ ಅವರಿಗೆ ಸಿಗಲೇ ಇಲ್ಲ ಎಂಬುದನ್ನು ಅವರ ವಿವರದ ಮೊದಲ ಸಾಲಿನಲ್ಲೇ ಬರೆಯಬೇಕು ಎನ್ನುವಷ್ಟು ನನಗೆ ಇದು ಮುಖ್ಯವಾಗಿ ತೋರುತ್ತದೆ.

ಹೊಣೆ ಕೈಬದಲಾದ ವರ್ಷಗಳ ಬಳಿ ನಿಲ್ಲಿ

ಒಬ್ಬ ತರಬೇತುದಾರ ಏನನ್ನು ಬಿಟ್ಟುಹೋದರು, ಮುಂದಿನವರು ಏನನ್ನು ಪಡೆದರು ಎಂಬುದು ಕೋಷ್ಟಕದ ಎರಡು ಸಾಲುಗಳ ನಡುವಿನ ಗೆರೆಯಲ್ಲಿ ಅಡಗಿರುತ್ತದೆ. ಪ್ರತಿ ಬದಲಾವಣೆಗೂ ಮೂರು ಸಂಗತಿಗಳನ್ನು ಕೇಳಿಕೊಳ್ಳಿ: ಹಿಂದಿನವರು ಏಕೆ ಹೋದರು, ಯಾವ ಆಟಗಾರರು ಉಳಿದರು, ಯಾವ ಬಾಕಿಯನ್ನು ಹೊಸಬರು ತೀರಿಸಬೇಕಾಯಿತು.

1956ರ ಬದಲಾವಣೆ ಇದಕ್ಕೆ ಅತ್ಯುತ್ತಮ ನಿದರ್ಶನ. ಅಲೆನ್ ಅವರ ಹೆಸರನ್ನು ಹೊತ್ತ ಅಲೆನ್ ಫೀಲ್ಡ್‌ಹೌಸ್ ಒಳಾಂಗಣ 1955ರ ಮಾರ್ಚ್ 1ರಂದು, ಅವರು ಇನ್ನೂ ಹುದ್ದೆಯಲ್ಲಿರುವಾಗಲೇ, ತೆರೆಯಿತು. ಮುಂದೆ ಮಹಾನ್ ಆಟಗಾರರೆನಿಸಿದ ವಿಲ್ಟ್ ಚೇಂಬರ್ಲೇನ್ ಅವರನ್ನು ಕ್ಯಾನ್ಸಸ್‌ಗೆ ಕರೆತಂದವರೂ ಅಲೆನ್. ಆದರೆ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದ ಚೇಂಬರ್ಲೇನ್ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ; ಅವರು ಅರ್ಹರಾಗುವ ಹೊತ್ತಿಗೆ 70 ವರ್ಷ ತುಂಬಿದ್ದ ಅಲೆನ್ ಕಡ್ಡಾಯ ನಿವೃತ್ತಿಯ ನಿಯಮದಿಂದಾಗಿ ಹುದ್ದೆ ಬಿಡಬೇಕಾಯಿತು. ಆ ಜಾಗಕ್ಕೆ ಬಂದ ಡಿಕ್ ಹಾರ್ಪ್ ಮೊದಲ ಋತುವಿನಲ್ಲೇ ತಂಡವನ್ನು ಫೈನಲ್‌ಗೆ ತಲುಪಿಸಿ, 1957ರಲ್ಲಿ ನಾರ್ತ್ ಕ್ಯಾರೊಲಿನಾ ವಿರುದ್ಧ ಮೂರು ಹೆಚ್ಚುವರಿ ಅವಧಿಗಳ ನಂತರ 54–53ರಿಂದ, ಒಂದೇ ಅಂಕದಿಂದ, ಸೋತರು. ಚೇಂಬರ್ಲೇನ್ ಇನ್ನೊಂದು ಋತು ಆಡಿ ಹೊರಟರು. 121 ಗೆಲುವು, 82 ಸೋಲಿನ ಹಾರ್ಪ್ ಅವರ ಲೆಕ್ಕವನ್ನು ಓದುವಾಗ ಈ ಸಂಗತಿಗಳೆಲ್ಲ ಮನಸ್ಸಿನಲ್ಲಿರಬೇಕು. ದೊಡ್ಡ ಹೆಸರಿನವರ ನಂತರ ಬಂದವರ ಬಗ್ಗೆ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕರುಣೆ ತೋರುವುದಿಲ್ಲ; ಆ ಕೊರತೆಯನ್ನು ನೀವು ತುಂಬಬಹುದು.

1988ರ ಬದಲಾವಣೆಯ ಸ್ವರೂಪ ಬೇರೆ. ಲ್ಯಾರಿ ಬ್ರೌನ್ ಐದು ಋತುಗಳಲ್ಲಿ 135 ಪಂದ್ಯಗಳನ್ನು ಗೆದ್ದು, ಡ್ಯಾನಿ ಮ್ಯಾನಿಂಗ್ ಅವರ ಆಟದ ಬಲದಿಂದ ಒಕ್ಲಹೋಮಾವನ್ನು 83–79ರಿಂದ ಮಣಿಸಿ ರಾಷ್ಟ್ರೀಯ ಪ್ರಶಸ್ತಿ ತಂದರು. ಆ ಬೇಸಿಗೆಯಲ್ಲಿ ಅವರು ವೃತ್ತಿಪರ ಲೀಗ್ ಆದ ಎನ್‌ಬಿಎಯ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ ಹೋದರು. ಬ್ರೌನ್ ಅವಧಿಯಲ್ಲಿನ ನಿಯಮ ಉಲ್ಲಂಘನೆಗಳಿಗಾಗಿ ಎನ್‌ಸಿಎಎ ತಂಡವನ್ನು 1989ರ ಟೂರ್ನಿಯಿಂದ ಹೊರಗಿಟ್ಟಿತು. ಹಾಗಾಗಿ ರಾಯ್ ವಿಲಿಯಮ್ಸ್ ಅವರ ಮೊದಲ ಋತುವಿನ 19–12 ಎಂಬ ಲೆಕ್ಕದ ಮುಂದೆ ಟೂರ್ನಿಯ ಕಲಂ ಖಾಲಿ ಇರುವುದಕ್ಕೆ ಕಾರಣ ಅವರ ಸೋಲಲ್ಲ. ಆ ಖಾಲಿ ಜಾಗದಲ್ಲಿ ಸುಮ್ಮನೆ ಒಂದು ಗೆರೆ ಎಳೆಯಬೇಡಿ, ಕಾರಣವನ್ನು ಬರೆಯಿರಿ. ವಿಲಿಯಮ್ಸ್ 1991, 1993, 2002 ಮತ್ತು 2003ರಲ್ಲಿ ಫೈನಲ್ ಫೋರ್ ತಲುಪಿದರು. ಕ್ಯಾನ್ಸಸ್‌ನಲ್ಲಿ ಅವರ ಗೆಲುವಿನ ಪ್ರಮಾಣ ಶೇ 80ನ್ನು ದಾಟಿದ್ದರೂ ಪ್ರಶಸ್ತಿ ಮಾತ್ರ ಅಲ್ಲಿರುವಾಗ ಒಲಿಯಲಿಲ್ಲ.

ಯಾರಿಂದ ಯಾರು ಕಲಿತರು ಎಂಬ ನಕ್ಷೆ

ಇದನ್ನು ಒಂದೇ ಹಾಳೆಯಲ್ಲಿ ಬರೆದು ಮುಗಿಸಬಹುದು, ಆದರೆ ಬಿಡಬಾರದು. ಅಲೆನ್ ಸ್ವತಃ ನೇಸ್ಮಿತ್ ಅವರ ತಂಡದಲ್ಲಿ ಆಡಿದವರು. ಅಲೆನ್ ಅವರ ಕೈಕೆಳಗೆ ಆಡಿದ ಅಡಾಲ್ಫ್ ರಪ್ ಕೆಂಟಕಿಯಲ್ಲೂ, 1952ರ ತಂಡದಲ್ಲಿದ್ದ ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾದಲ್ಲೂ ದೊಡ್ಡ ಪರಂಪರೆಗಳನ್ನು ಕಟ್ಟಿದರು. ಸ್ಮಿತ್ ಅವರ ಗರಡಿಯಿಂದ ಬ್ರೌನ್ ಆಟಗಾರರಾಗಿಯೂ ವಿಲಿಯಮ್ಸ್ ಸಹಾಯಕರಾಗಿಯೂ ಕಲಿತು ಕ್ಯಾನ್ಸಸ್‌ಗೆ ಬಂದರು. ಬ್ರೌನ್ ಅವರ ಬಳಿ 1985–86ರಲ್ಲಿ ಸಹಾಯಕರಾಗಿದ್ದ ಸೆಲ್ಫ್ 2003ರಲ್ಲಿ ಅದೇ ತಂಡದ ಮುಖ್ಯಸ್ಥರಾದರು. 2008ರ ಫೈನಲ್‌ನಲ್ಲಿ ಕ್ಯಾನ್ಸಸ್ 75–68ರಿಂದ ಸೋಲಿಸಿದ ಮೆಂಫಿಸ್ ತಂಡದ ತರಬೇತುದಾರ ಜಾನ್ ಕ್ಯಾಲಿಪಾರಿ ಕೂಡ ಒಂದು ಕಾಲಕ್ಕೆ ಕ್ಯಾನ್ಸಸ್‌ನಲ್ಲಿ ಸಹಾಯಕರಾಗಿದ್ದವರು. ನಕ್ಷೆಯನ್ನು ಬರೆಯುವಾಗ ಅಧಿಕೃತ ತಂಡದ ಹೊರಗೆ ಉಳಿದವರನ್ನೂ ಹುಡುಕಿ. ಜಾನ್ ಮೆಕ್ಲೆಂಡನ್ 1930ರ ದಶಕದಲ್ಲಿ ಕ್ಯಾನ್ಸಸ್‌ನಲ್ಲಿ ನೇಸ್ಮಿತ್ ಅವರ ಮಾರ್ಗದರ್ಶನದಲ್ಲಿ ದೈಹಿಕ ಶಿಕ್ಷಣ ಓದಿದರು. ಕಪ್ಪು ವಿದ್ಯಾರ್ಥಿಯೆಂಬ ಕಾರಣಕ್ಕೆ ಅವರಿಗೆ ತಂಡದಲ್ಲಿ ಆಡಲು ಬಿಡಲಿಲ್ಲ, ಆದರೂ ಮುಂದೆ ಅವರು ಈ ಆಟದ ಮಹಾನ್ ತರಬೇತುದಾರರಲ್ಲಿ ಒಬ್ಬರಾದರು. ಗೆಲುವು ಸೋಲಿನ ಕೋಷ್ಟಕದಲ್ಲಿ ಅವರಿಗೆ ಜಾಗವಿಲ್ಲ. ನೇಸ್ಮಿತ್ ಅವರ ವಿವರದಲ್ಲಿ ಇರಲೇಬೇಕು.

ರದ್ದಾದ ಗೆಲುವುಗಳು ಮತ್ತು ಮುಗಿಯದ ಅವಧಿ

ಕೊನೆಯ ತೊಡಕು ಈಗಿನ ತರಬೇತುದಾರರದು. ಸೆಲ್ಫ್ 2008ರಲ್ಲಿ ಒಂದು, 2022ರಲ್ಲಿ ನಾರ್ತ್ ಕ್ಯಾರೊಲಿನಾವನ್ನು 72–69ರಿಂದ ಸೋಲಿಸಿ ಇನ್ನೊಂದು ಪ್ರಶಸ್ತಿ ಗೆದ್ದಿದ್ದಾರೆ. ಅರ್ಹತೆಯಿಲ್ಲದ ಆಟಗಾರನನ್ನು ಆಡಿಸಿದ ಪ್ರಕರಣದಲ್ಲಿ 2023ರ ಅಕ್ಟೋಬರ್‌ನಲ್ಲಿ ಬಂದ ತೀರ್ಪಿನಿಂದ 2017–18ರ ಋತುವಿನ 15 ಗೆಲುವುಗಳೂ ಆ ವರ್ಷದ ಫೈನಲ್ ಫೋರ್ ಪ್ರವೇಶವೂ ದಾಖಲೆಯಿಂದ ರದ್ದಾದವು. ಪಂದ್ಯಗಳು ನಡೆದದ್ದು, ಜನ ನೋಡಿದ್ದು ನಿಜ. ಅಧಿಕೃತ ಲೆಕ್ಕದಲ್ಲಿ ಅವು ಇಲ್ಲದಿರುವುದೂ ನಿಜ. ಎರಡನ್ನೂ ಬರೆಯುವುದೇ ಸರಿಯಾದ ದಾರಿ: ಮುಖ್ಯ ಕಲಂನಲ್ಲಿ ಅಧಿಕೃತ ಸಂಖ್ಯೆ, ಅದರ ಕೆಳಗೆ ರದ್ದಾದ ಪಂದ್ಯಗಳ ಸಂಖ್ಯೆ ಮತ್ತು ತೀರ್ಪಿನ ತಿಂಗಳು. ಇದು ಬರಿಯ ಅಚ್ಚುಕಟ್ಟುತನದ ಮಾತಲ್ಲ. 2024ರ ನವೆಂಬರ್‌ನಲ್ಲಿ ಸೆಲ್ಫ್ 591ನೆಯ ಗೆಲುವಿನೊಂದಿಗೆ ಅಲೆನ್ ಅವರನ್ನು ಹಿಂದಿಕ್ಕಿದರೆಂದು ದಾಖಲಾಗಿರುವುದು ಆ 15 ಪಂದ್ಯಗಳನ್ನು ಕಳೆದ ನಂತರದ ಲೆಕ್ಕ. ಅವನ್ನು ಕಳೆಯದಿದ್ದರೆ ಆ ದಿನಾಂಕವೇ ಬೇರೆಯಾಗುತ್ತಿತ್ತು.

ಹುದ್ದೆಯಲ್ಲಿರುವವರ ಸಾಲಿನಲ್ಲಿ ಶೇಕಡಾವಾರು ಬರೆಯುವ ಕಲಂಅನ್ನು ತುಂಬಿದರೆ, ಅದು ಯಾವ ಋತುವಿನ ಅಂತ್ಯದವರೆಗಿನ ಲೆಕ್ಕವೆಂಬುದನ್ನು ಅದೇ ಚೌಕದೊಳಗೆ ಬರೆಯಿರಿ. ಮುಂದಿನ ಋತು ಮುಗಿದಾಗ ಅಧಿಕೃತ ದಾಖಲೆಯೊಂದಿಗೆ ಹೋಲಿಸಿ, ಹಳೆಯ ಸಂಖ್ಯೆಯನ್ನೂ ಅದರ ದಿನಾಂಕವನ್ನೂ ಅಳಿಸದೆ, ಹೊಸದನ್ನು ಅದರ ಕೆಳಗೆ ಸೇರಿಸಿ.