9 ಇಂಚು ಜಾಗದಲ್ಲಿ ಗ್ಯಾರೇಜ್ ಮೋಟಾರು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಯಲ್ಲಿ ಅಮ್ಮನ ಕೋಣೆ ಗ್ಯಾರೇಜಿನ ಮೇಲೇ ಇದೆ. ಗ್ಯಾರೇಜಿನ ಬಾಗಿಲು ಎತ್ತಿ ಇಳಿಸುವ ಹಳೆಯ ಮೋಟಾರನ್ನು ಸೂರಿನ ತೊಲೆಗಳಿಗೆ ಬಿಗಿದಿದ್ದರು. ಬೆಳಿಗ್ಗೆ 6ಕ್ಕೆ ನಾನು ಹೊರಟರೆ ಅದರ ಚೈನಿನ ನಡುಕ ಅಮ್ಮನ ಮಂಚದವರೆಗೂ ಹೋಗುತ್ತಿತ್ತು. ಅಮ್ಮ ಒಂದು ದಿನವೂ ಹೇಳಲಿಲ್ಲ, ಹೇಳಿದ್ದು ನನ್ನ ಹೆಂಡತಿ. ಗೋಡೆಗೆ ಕೂರಿಸುವ ಮೋಟಾರು ತರಲು ಅಷ್ಟು ಸಾಕಾಯಿತು.

ಕೂರಿಸುವುದೆಲ್ಲಿ? ಬಾಗಿಲ ಬಲಕ್ಕೆ ವಾಟರ್ ಹೀಟರಿನ ಹೊಗೆ ಕೊಳವೆ. ಎಡಕ್ಕೆ, ಬಾಗಿಲ ಮೇಲಿನ ಸರಳಿನ ತುದಿ ಹಿಡಿದಿರುವ ಬೇರಿಂಗ್ ಪ್ಲೇಟಿನಿಂದ ಪಕ್ಕದ ಗೋಡೆಗೆ 9 ಇಂಚು. ನಾನು ತಂದ ಮಾದರಿಗೆ ಬೇಕಾದದ್ದು 8.5 ಇಂಚು. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದೇ ಒಪ್ಪಿಕೊಂಡೆ, ಗೋಡೆ ಎಲ್ಲ ಕಡೆ ನೇರವಾಗಿರುವುದಿಲ್ಲ.

ಈ ಮೋಟಾರಿನ ಕೆಲಸ ತಿಳಿಯಬೇಕಾದರೆ ಬಾವಿಯ ರಾಟೆ ನೆನೆಸಿಕೊಳ್ಳಿ. ಮೋಟಾರು ತಿರುಗಿಸುವುದು ಬಾಗಿಲ ಮೇಲಿನ ಆ ಸರಳನ್ನು, ಅಂದರೆ ಟಾರ್ಷನ್ ಬಾರನ್ನು ಮಾತ್ರ. ಅದರ ಡ್ರಮ್ಮಿಗೆ ಕೇಬಲ್ ಸುತ್ತಿಕೊಂಡರೆ ಬಾಗಿಲು ಏರುತ್ತದೆ. ಇಳಿಯುವಾಗ ಮೋಟಾರು ಬಾಗಿಲನ್ನು ತಳ್ಳುವುದಿಲ್ಲ, ಕೊಡದಂತೆ ಬಾಗಿಲು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಕೊಡ ಎಲ್ಲೋ ತಡೆದು ನಿಂತರೆ ಹಗ್ಗ ಸಡಿಲಾಗುತ್ತದಲ್ಲ, ಹಾಗೇ ಕೇಬಲ್ ಡ್ರಮ್ಮಿನಿಂದ ಕಳಚುತ್ತದೆ. ಆದ್ದರಿಂದ ಮೊದಲು ನೋಡಬೇಕಾದ್ದು ಬಾಗಿಲ ತೂಕ ಸರಿದೂಗಿದೆಯೇ ಎಂದು.

ಹಳೆಯ ಮೋಟಾರಿನಿಂದ ಬಾಗಿಲು ಬಿಡಿಸಿ, ಕೈಯಲ್ಲಿ ಅರ್ಧಕ್ಕೆ ಎತ್ತಿ, ಕೈಯನ್ನು ಹತ್ತಿರವೇ ಇಟ್ಟುಕೊಂಡು ಮೆಲ್ಲಗೆ ಬಿಟ್ಟೆ. ನಿಲ್ಲಲಿಲ್ಲ, ಕೆಳಗೆ ಜಾರಿತು. ಬಾಗಿಲ ತೂಕ ಸರಿದೂಗಿಸುವ ಸ್ಪ್ರಿಂಗ್ ಸೋತಿತ್ತು. ಬಿಗಿದ ಟಾರ್ಷನ್ ಸ್ಪ್ರಿಂಗ್ ಕೈಜಾರಿದರೆ ಮೂಳೆ ಮುರಿಯುತ್ತದೆ, ಅದಕ್ಕೆ ನಾನು ಕೈ ಹಾಕಲಿಲ್ಲ. ಬದಲಿಸಲು ಬಂದವರು ಸ್ಪ್ರಿಂಗ್ ಸಡಿಲಿಸಿದ್ದಾಗಲೇ ಉದ್ದಕ್ಕೆ ಚಾಚಿದ್ದ ಬಾರಿನ ತುದಿಯನ್ನೂ ಅವರಿಂದಲೇ ಕತ್ತರಿಸಿಕೊಂಡೆ. ಇಲ್ಲದಿದ್ದರೆ ಆ 9 ಇಂಚಿನಲ್ಲಿ ಮೋಟಾರನ್ನು ಬಾರಿನ ಮೇಲೆ ಏರಿಸಲು ಆಗುತ್ತಲೇ ಇರಲಿಲ್ಲ. ತುದಿಯ ಮುಳ್ಳುಗಳನ್ನು ಅರದಿಂದ ಉಜ್ಜಿದ ಮೇಲೆ ಮೋಟಾರನ್ನು ಬಾರಿಗೆ ಜೋಡಿಸುವ ಬಳೆ, ಕಾಲರ್, ನುಣ್ಣಗೆ ಜಾರಿತು.

ಮೋಟಾರು ಹಿಡಿಯುವ ಬ್ರಾಕೆಟ್ ಬರುವ ಕಡೆ ಬರೀ ಡ್ರೈವಾಲ್ ಹಾಳೆ, ಹಿಂದೆ ಸ್ಟಡ್, ಅಂದರೆ ಗೋಡೆಯೊಳಗಿನ ನಿಲುವುಮರ ಇಲ್ಲ. ಅಕ್ಕಪಕ್ಕದ ಎರಡು ಸ್ಟಡ್‌ಗೆ ಅಡ್ಡಲಾಗಿ ದಪ್ಪ ಹಲಗೆ ಬಿಗಿದು ಅದಕ್ಕೆ ಬ್ರಾಕೆಟ್ ಕೂರಿಸಿದೆ. ರಸಮಟ್ಟ ಹಿಡಿದರೂ ಬ್ರಾಕೆಟ್ಟಿನ ಸ್ಕ್ರೂಗಳನ್ನು ಪೂರ್ತಿ ಬಿಗಿಯದೆ ಬಾಗಿಲನ್ನು ಕೈಯಲ್ಲೇ ಎರಡು ಸಲ ಓಡಿಸಿ, ಬಾರು ಓಲಾಡದ ಜಾಗ ಕಂಡ ಮೇಲೆಯೇ ಬಿಗಿದೆ.

ಅತಿ ಹೆಚ್ಚು ಹೊತ್ತು ತಿಂದದ್ದು ಆಮೇಲಿನ ತೊಂದರೆ. ಬಾಗಿಲು ತೆರೆದುಕೊಂಡಿತು, ಮುಚ್ಚಲು ಒಪ್ಪಲಿಲ್ಲ. ಬಾಗಿಲಡಿ ಏನಾದರೂ ಅಡ್ಡ ಬಂದರೆ ಗುರುತಿಸಲು ನೆಲದಿಂದ 6 ಇಂಚಿನೊಳಗೆ ಇರಬೇಕಾದ ಸೆನ್ಸರುಗಳನ್ನು ಒರೆಸಿದೆ, ಎದುರುಬದುರು ಮಾಡಿದೆ. ಅಮೆರಿಕದಲ್ಲಿ 1993ರಿಂದ ಮನೆಯ ಗ್ಯಾರೇಜ್ ಮೋಟಾರುಗಳಿಗೆ ಇಂಥ ರಕ್ಷಣೆ ಕಡ್ಡಾಯ, ಹಾಗಾಗಿ ಅನುಮಾನ ಅಲ್ಲಿಗೇ ಹೋಯಿತು. ಸೆನ್ಸರುಗಳ ಎರಡು ದೀಪವೂ ಉರಿಯುತ್ತಿದ್ದವು. ಒಂದು ಗಂಟೆಯ ಬಳಿಕ ಏಣಿ ಹತ್ತಿ ಕೇಬಲ್ ಮುಟ್ಟಿದರೆ ಸಡಿಲ! ಬಾಗಿಲು ಪೂರ್ತಿ ಮೇಲೆ ಹೋಗಿ ಅಡ್ಡ ಹಳಿಯ ಮೇಲೆ ಮಲಗಿಬಿಟ್ಟಿತ್ತು, ಭಾರವೆಲ್ಲ ಹಳಿಗೆ ಬಿದ್ದಿತ್ತು. ಕೇಬಲ್ ಬಿಗಿ ಕಾಯುವ ಪುಟ್ಟ ಸಾಧನ ಅದನ್ನು ಕಂಡು ಇಳಿಯಲು ಬಿಡಲಿಲ್ಲ. ಮೇಲಿನ ಮಿತಿಯನ್ನು 3 ಇಂಚು ತಗ್ಗಿಸಿದೆ. ಅಷ್ಟೇ, ಬಾಗಿಲು ಇಳಿಯಿತು.

ಮೋಟಾರಿಗೆ ಬ್ಯಾಟರಿಯೂ ಇದೆ. 2017ರ ಕಾಳ್ಗಿಚ್ಚಿನಲ್ಲಿ ಕರೆಂಟಿಲ್ಲದೆ ಗ್ಯಾರೇಜ್ ತೆರೆಯಲಾಗದೆ ಜನ ಒದ್ದಾಡಿದ ಮೇಲೆ ಈ ರಾಜ್ಯ 2019ರ ಜುಲೈಯಿಂದ ಹೊಸ ಮೋಟಾರುಗಳಿಗೆ ಅದನ್ನು ಕಡ್ಡಾಯ ಮಾಡಿತು.

ಈಗ ತಿಂಗಳಿಗೊಮ್ಮೆ, ಮೋಟಾರಿನಿಂದ ಬಾಗಿಲು ಬಿಡಿಸುವ ಕೆಂಪು ಹಿಡಿ ಎಳೆದು, ಬಾಗಿಲು ಅರ್ಧದಲ್ಲಿ ನಿಲ್ಲುತ್ತದೆಯೇ ನೋಡುತ್ತೇನೆ. ಬಾಗಿಲು ಮುಚ್ಚಿರುವಾಗಲೇ ಆ ಹಿಡಿ ಎಳೆಯಬೇಕು. ಸ್ಪ್ರಿಂಗ್ ತುಂಡಾಗಿದ್ದರೆ ತೆರೆದ ಬಾಗಿಲು ಧೊಪ್ಪನೆ ಬೀಳುತ್ತದೆ.