ಬೆರಳು ಮೊದಲು, ಎಂಆರ್‌ಐ ಆಮೇಲೆ

ಗರ್ಭಕಂಠದ ಕ್ಯಾನ್ಸರ್‌ನ ಹಂತ ತಿಳಿಯಲು ಕೈಪರೀಕ್ಷೆಯೇ ಸಾಕು, ಬಡವರಿಗೆ ಎಂಆರ್‌ಐ ದಂಡದ ಖರ್ಚು ಎಂದು ನಮ್ಮ ಹಿರಿಯರು ಪಟ್ಟು ಹಿಡಿದಿದ್ದರು. 2018ರಲ್ಲಿ ಈ ಹಂತಗಳನ್ನು ನಿಗದಿಪಡಿಸುವ ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋ, ಸ್ಕ್ಯಾನ್ ಚಿತ್ರಗಳನ್ನೂ ಲೆಕ್ಕಕ್ಕೆ ಸೇರಿಸಿದ ಮೇಲೆ ಕಿರಿಯರು ಗ್ಲೌಸ್ ತೊಡುವ ಮೊದಲೇ ಸ್ಕ್ಯಾನ್ ಚೀಟಿ ಬರೆಯತೊಡಗಿದರು. ನಾನು ಇಬ್ಬರ ಮಾತನ್ನೂ ಒಪ್ಪಲಿಲ್ಲ. ಇಂದು ವೈದ್ಯರೆಲ್ಲ ಸೇರಿ ಚಿಕಿತ್ಸೆ ನಿರ್ಧರಿಸುವ ನಮ್ಮ ಟ್ಯೂಮರ್ ಬೋರ್ಡಿನಲ್ಲಿ ನಡೆಯುತ್ತಿರುವುದು ನನ್ನ ಕ್ರಮವೇ.

ಆರಂಭದಲ್ಲಿ ಹೊರಗಿನಿಂದ ಬಂದ ಸ್ಕ್ಯಾನುಗಳಲ್ಲಿ ಮುಕ್ಕಾಲು ಪಾಲು ನೀರಿನಲ್ಲಿ ಮಾಡಿದ ಹೋಮ. ಒಂದಕ್ಕೆ ಏಳೆಂಟು ಸಾವಿರ ರೂಪಾಯಿ. ಒಬ್ಬ ತಾಯಿ ಕಿವಿಯೋಲೆ ಅಡವಿಟ್ಟು ಮಾಡಿಸಿಕೊಂಡು ಬಂದಿದ್ದರು. ಫಿಲ್ಮಿನಲ್ಲಿದ್ದದ್ದು ಸೊಂಟದ ನೇರ ಅಡ್ಡಕೊಯ್ತದ ಚಿತ್ರಗಳು ಮಾತ್ರ. ವಾಲಿಕೊಂಡಿರುವ ಗರ್ಭಕಂಠವನ್ನು ಚಿತ್ರದಲ್ಲಿ ನೇರವಾಗಿ ಕೊಯ್ದು ನೋಡಿದರೆ ಅಂಚು ಮಸುಕಾಗಿ, ಇಲ್ಲದ 2ಬಿ (ಗೆಡ್ಡೆ ಗರ್ಭಕಂಠದ ಅಕ್ಕಪಕ್ಕದ ಅಂಗಾಂಶವಾದ ಪ್ಯಾರಾಮೆಟ್ರಿಯಂಗೆ ಹರಡಿದ ಹಂತ) ಹುಟ್ಟಿಕೊಳ್ಳುತ್ತದೆ. ಇನ್ನು ಕೆಲವನ್ನು ಕೋನ್ ಬಯಾಪ್ಸಿಯಾದ (ಪರೀಕ್ಷೆಗೆಂದು ಗರ್ಭಕಂಠದಿಂದ ಶಂಕುವಿನಾಕಾರದ ತುಂಡು ತೆಗೆದ) ವಾರದೊಳಗೇ ತೆಗೆಸಿದ್ದರು. ಆಗ ಊತ ಯಾವುದು, ಗೆಡ್ಡೆ ಯಾವುದು ಎಂದು ಹೇಳುವುದೇ ಕಷ್ಟ.

ಈಗ ಚೀಟಿಯಲ್ಲಿ ನಾನೇ ಬರೆಯುತ್ತೇನೆ: ಟಿ2 (ಎಂಆರ್‌ಐನ ಒಂದು ಬಗೆಯ ಚಿತ್ರ), ಗರ್ಭಕಂಠದ ನಾಳಕ್ಕೆ ಲಂಬವಾದ ಓರೆ ಕೊಯ್ತ, ಮೂರು–ನಾಲ್ಕು ಮಿ.ಮೀ. ದಪ್ಪ, ಜೊತೆಗೆ ಡಿಫ್ಯೂಷನ್ (ಅಂಗಾಂಶದಲ್ಲಿ ನೀರಿನ ಚಲನೆ ತೋರಿಸುವ ಚಿತ್ರ). ಚಿತ್ರ ಎದ್ದು ಕಾಣಲೆಂದು ಚುಚ್ಚುವ ಕಾಂಟ್ರಾಸ್ಟ್ ಮದ್ದು ಬೇಡ ಎನ್ನುತ್ತೇನೆ. ಎರಡು ಸಾವಿರದಷ್ಟು ಉಳಿಯುತ್ತದೆ.

ಸ್ಕ್ಯಾನಿಗೆ ಮುಂಚೆ ಅರಿವಳಿಕೆ ಕೊಟ್ಟು ಯೋನಿ, ಗುದ ಎರಡೂ ಮಾರ್ಗದಿಂದ ಪರೀಕ್ಷಿಸಿ, ಸಿಕ್ಕಿದ್ದನ್ನು ಗಡಿಯಾರದ ಮುಖದಂತೆ ಚಿತ್ರ ಬರೆದಿಡುತ್ತೇನೆ. ಆಮೇಲೆ ರೇಡಿಯಾಲಜಿಸ್ಟ್ ಪಕ್ಕದಲ್ಲೇ ಕುಳಿತು ಎರಡನ್ನೂ ತಾಳೆ ನೋಡುವುದು. ಒಬ್ಬರಿಗೆ ಬಲಗಡೆ ಬೆರಳಿಗೆ ಗಟ್ಟಿ ಸಿಕ್ಕಿತ್ತು. ಎಲ್ಲರೂ 2ಬಿ, ರೇಡಿಯೇಷನ್ ಎಂದರು. ಓರೆ ಕೊಯ್ತದಲ್ಲಿ ಗೆಡ್ಡೆಯ ಸುತ್ತ ಕಪ್ಪು ಉಂಗುರದಂತೆ ಕಾಣುವ ಗರ್ಭಕಂಠದ ಗೋಡೆ ಎಲ್ಲೂ ತುಂಡಾಗಿರಲಿಲ್ಲ. ಹಳೆಯ ಸೋಂಕಿನ ಗಂಟು ಎಂದು ವಾದಿಸಿ ಶಸ್ತ್ರಚಿಕಿತ್ಸೆ ಮಾಡಿದೆ. ಪ್ಯಾರಾಮೆಟ್ರಿಯಂ ಶುದ್ಧವಾಗಿದೆ ಎಂದೇ ಪೆಥಾಲಜಿ ವರದಿ ಬಂತು. ಇನ್ನೊಬ್ಬರಲ್ಲಿ ನಾಳದೊಳಗೇ ಬೆಳೆದ ಗೆಡ್ಡೆ ಬೆರಳಿಗೆ ಮೂರು ಸೆಂ.ಮೀ. ಅನ್ನಿಸಿತ್ತು, ಸ್ಕ್ಯಾನಿನಲ್ಲಿ ಐದರ ಹತ್ತಿರ: 1ಬಿ3, ಅಂದರೆ ಗರ್ಭಕಂಠದಲ್ಲೇ ಇದ್ದರೂ ದೊಡ್ಡದಾದ ಗೆಡ್ಡೆಯ ಹಂತ. ಆಪರೇಷನ್ ಕೈಬಿಟ್ಟು ಕೀಮೋ–ರೇಡಿಯೇಷನ್ ಕೊಟ್ಟೆವು. ಕೊಯ್ದ ಮೇಲೆ ಮತ್ತೆ ರೇಡಿಯೇಷನ್ ಕೊಡಬೇಕಾಗಿದ್ದರೆ ಆ ಮನೆಗೆ ಎರಡೆರಡು ಖರ್ಚು, ಆಕೆಗೆ ಎರಡೆರಡು ನರಳಾಟ.

ಯೋನಿಯ ವಿಷಯದಲ್ಲಿ ಮಾತ್ರ ಕಣ್ಣು, ಬೆರಳುಗಳದ್ದೇ ಮೇಲುಗೈ. ಹೊರಚಾಚಿದ ದೊಡ್ಡ ಗೆಡ್ಡೆ ಫಾರ್ನಿಕ್ಸನ್ನು (ಗರ್ಭಕಂಠದ ಸುತ್ತಲಿನ ಯೋನಿಯ ಮೇಲ್ತುದಿಯನ್ನು) ಹಿಗ್ಗಿಸಿದಾಗ ಎಂಆರ್‌ಐ ಯೋನಿಗೆ ಹರಡದಿದ್ದರೂ ಹರಡಿದೆ ಎನ್ನುತ್ತದೆ. ಅದಕ್ಕಾಗಿ ಯೋನಿಗೆ ಐವತ್ತು ಮಿ.ಲೀ.ಯಷ್ಟು ಅಲ್ಟ್ರಾಸೌಂಡ್ ಜೆಲ್ ತುಂಬಿಸಿ ನೋಡಿದೆ. ಚಿತ್ರದಲ್ಲಿ ಯೋನಿಯ ಗೋಡೆ ಗೆಡ್ಡೆಯಿಂದ ಸ್ಪಷ್ಟವಾಗಿ ಬೇರೆಯಾಗಿ ಕಂಡಿತು, ರಕ್ತಸ್ರಾವವಿದ್ದವರಲ್ಲಿ ಬಿಟ್ಟುಬಿಟ್ಟೆ. ಗಾಳಿಗುಳ್ಳೆ ನಿಲ್ಲದಂತೆ ತುಂಬಿಸುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ಕೈಯಾರೆ ತೋರಿಸುತ್ತೇನೆ. ಗುದಮಾರ್ಗದ ಅಲ್ಟ್ರಾಸೌಂಡನ್ನೂ ಪ್ರಯತ್ನಿಸಿದ್ದೇನೆ. ಅಗ್ಗ, ಚುರುಕು, ಆದರೆ ನುರಿತ ಕೈ ಬೇಕು.

ಇಷ್ಟಾದರೂ ಬೆರಳಿಗೂ ಚಿತ್ರಕ್ಕೂ ತಾಳೆಯಾಗದೆ ಅನುಮಾನ ಉಳಿದರೆ ಫಿಗೋ ನಿಯಮದಂತೆ ಕಡಿಮೆ ಹಂತವನ್ನೇ ಬರೆದು, ನನ್ನ ಗಡಿಯಾರದ ಚಿತ್ರವನ್ನು ಫೈಲಿಗೆ ಹೊಲಿದು ಬೋರ್ಡಿಗೆ ಕಳಿಸುತ್ತೇನೆ.