ವರ್ಷದ ಕ್ರೀಡಾಪಟು ಯಾರು? ಶಿರಸಿಯಲ್ಲಿ ನಾವು ನಡೆಸುವ ಚರ್ಚೆಯ ಅನುಭವ

ದೇಶದ ವರ್ಷದ ಅತ್ಯುತ್ತಮ ಕ್ರೀಡಾಪಟು ಯಾರೆಂಬ ಚರ್ಚೆಯನ್ನು ಹೆಸರಿನಿಂದ ಆರಂಭಿಸಿದರೆ ಅದು ಹೆಸರಿನಲ್ಲಿಯೇ ಮುಗಿಯುತ್ತದೆ. ಕ್ರಿಕೆಟ್ ನೋಡುವವರು ಕ್ರಿಕೆಟಿಗನ ಹೆಸರು ಹೇಳುತ್ತಾರೆ, ಚದುರಂಗದ ಮನೆಯವರು ಚದುರಂಗದ ಹುಡುಗನ ಹೆಸರು ಹೇಳುತ್ತಾರೆ, ಮಾತು ಏರುತ್ತದೆ, ಕಷಾಯ ಆರುತ್ತದೆ, ಬಂದವರೆಲ್ಲ ಬರುವಾಗ ಇದ್ದ ಅಭಿಪ್ರಾಯವನ್ನೇ ಹೊತ್ತು ಮನೆಗೆ ಹೋಗುತ್ತಾರೆ. ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದ ಮೇಲೆ, ಪ್ರತಿ ವರ್ಷದ ಕೊನೆಯಲ್ಲಿ ಶಿರಸಿಯ ನಮ್ಮ ಓಣಿಯ ವಾಚನಾಲಯದಲ್ಲಿ ಈ ಚರ್ಚೆಯನ್ನು ನಡೆಸಿಕೊಂಡು ಬಂದಿದ್ದೇನೆ. ಡಿಸೆಂಬರ್ ನಮ್ಮಲ್ಲಿ ಅಡಿಕೆ ಕೊಯ್ಲಿನ ಕಾಲವಾದ್ದರಿಂದ ಜನ ಸೇರುವುದು ಸಂಜೆಯ ಮೇಲೆಯೇ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವವರೂ ಕಾರವಾರ, ಹಳಿಯಾಳದ ಕಡೆಯ ಹಳೆಯ ಸಹೋದ್ಯೋಗಿಗಳೂ ಇರುತ್ತಾರೆ. ಅಷ್ಟು ದೂರದಿಂದ ಬಂದವರನ್ನು ಬರಿಯ ಕೂಗಾಟ ಕೇಳಿಸಿ ಕಳುಹಿಸುವುದು ಸರಿಯಲ್ಲವೆಂದು ಕೆಲವು ಕ್ರಮಗಳನ್ನು ಮಾಡಿಕೊಂಡೆವು. 2024ರ ಚರ್ಚೆಯನ್ನು ಮುಂದಿಟ್ಟುಕೊಂಡು ಅವುಗಳನ್ನು ವಿವರಿಸುತ್ತೇನೆ.

ಮೊದಲು ಇತ್ಯರ್ಥವಾಗಬೇಕಾದದ್ದು ಎಷ್ಟು ಕಾಲದ ಸಾಧನೆಯನ್ನು ಅಳೆಯುತ್ತೇವೆ ಎಂಬುದು. 1991–92ರ ಸಾಲಿನಲ್ಲಿ ವಿಶ್ವನಾಥನ್ ಆನಂದ್ ಅವರಿಗೆ ಮೊದಲು ಸಂದ, 2021ರಿಂದ ಮೇಜರ್ ಧ್ಯಾನ್‌ಚಂದ್ ಹೆಸರನ್ನು ಹೊತ್ತಿರುವ ಕೇಂದ್ರ ಸರ್ಕಾರದ ಖೇಲ್ ರತ್ನ ಪ್ರಶಸ್ತಿ ಈಗ ಒಂದು ವರ್ಷದ ಪ್ರಶಸ್ತಿಯಲ್ಲ. ಹಿಂದಿನ ನಾಲ್ಕು ವರ್ಷಗಳ ಸಾಧನೆಯನ್ನು ಅದು ನೋಡುತ್ತದೆ, ಅಂತರರಾಷ್ಟ್ರೀಯ ಕೂಟಗಳ ಪದಕಗಳಿಗೆ ಅಂಕ ಕೊಡುತ್ತದೆ, ಉಳಿದದ್ದನ್ನು ಆಯ್ಕೆ ಸಮಿತಿಯ ವಿವೇಚನೆಗೆ ಬಿಡುತ್ತದೆ. ಅಂಕಪಟ್ಟಿ ಇದ್ದ ಮಾತ್ರಕ್ಕೆ ಜಗಳ ತಪ್ಪುವುದಿಲ್ಲ. 2015ರಲ್ಲಿ ಸಾನಿಯಾ ಮಿರ್ಜಾ ಅವರ ಹೆಸರು ಮುಂದೆ ಬಂದಾಗ, 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ನಮ್ಮದೇ ರಾಜ್ಯದ ಎಚ್.ಎನ್. ಗಿರೀಶ ಅವರು ಅಂಕಗಳ ಲೆಕ್ಕದಲ್ಲಿ ತಾವು ಮುಂದಿರುವುದಾಗಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದರು. ಪ್ರಶಸ್ತಿ ಆಗಸ್ಟ್ 29ರಂದು ಸಾನಿಯಾ ಅವರಿಗೇ ಸಂದಿತು. ಆ ವರ್ಷ ಆಕೆ ಗೆದ್ದ ವಿಂಬಲ್ಡನ್ ಡಬಲ್ಸ್ ಕಿರೀಟ ಒಂದು ಪ್ಯಾರಾಲಿಂಪಿಕ್ಸ್ ಬೆಳ್ಳಿಗೆ ಸಮವೇ, ಹೆಚ್ಚೇ, ಕಡಿಮೆಯೇ? ಹೊಸದಾಗಿ ಬಂದವರ ಮುಂದೆ ನಾನು ಪ್ರತಿ ಸಲ ಈ ಪ್ರಶ್ನೆಯನ್ನು ಇಡುತ್ತೇನೆ. ಇಬ್ಬರ ಬಗೆಗೂ ಗೌರವವಿರುವವರೇ ಕುಳಿತಿರುವುದರಿಂದ, ಭಿನ್ನಾಭಿಪ್ರಾಯ ಇರುವುದು ವ್ಯಕ್ತಿಗಳ ಬಗ್ಗೆ ಅಲ್ಲ, ಅಳತೆಗೋಲಿನ ಬಗ್ಗೆ ಎಂಬುದು ಬೇಗ ಸ್ಪಷ್ಟವಾಗುತ್ತದೆ. ನಮ್ಮ ಚರ್ಚೆಗೆ ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಸಾಧನೆ ಮಾತ್ರ ಎಂದು ಗೊತ್ತುಮಾಡಿಕೊಂಡಿದ್ದೇವೆ. ಹಿಂದಿನ ವರ್ಷಗಳ ಪದಕಗಳನ್ನು ಯಾರೂ ಎತ್ತುವಂತಿಲ್ಲ.

ಇಷ್ಟು ಮಾಡಿದರೂ ವರ್ಷದ ಕೊನೆಯಲ್ಲಿ ನೆನಪಿರುವುದು ಕೊನೆಯ ಎರಡು ಮೂರು ತಿಂಗಳು ಮಾತ್ರ. ಬ್ರಿಟನ್ನಿನಲ್ಲಿ ಬಿಬಿಸಿ ಸಂಸ್ಥೆ 1954ರಲ್ಲಿ ವರ್ಷದ ಕ್ರೀಡಾ ವ್ಯಕ್ತಿ ಪ್ರಶಸ್ತಿಯನ್ನು ಆರಂಭಿಸಿದಾಗ, ಅದೇ ವರ್ಷದ ಮೇ ತಿಂಗಳಲ್ಲಿ ಮೈಲಿ ಓಟವನ್ನು ಮೊತ್ತಮೊದಲ ಬಾರಿಗೆ ನಾಲ್ಕು ನಿಮಿಷದೊಳಗೆ ಮುಗಿಸಿದ ರೋಜರ್ ಬ್ಯಾನಿಸ್ಟರ್ ಅವರಿಗೆ ಅದು ಸಿಗಲಿಲ್ಲ. ಸಿಕ್ಕಿದ್ದು, ಆ ಓಟದಲ್ಲಿ ಅವರಿಗೆ ವೇಗ ಕೊಡಲು ಮುಂದೆ ಓಡಿದ್ದ ಕ್ರಿಸ್ ಚಾಟವೇ ಅವರಿಗೆ. ಅಕ್ಟೋಬರಿನಲ್ಲಿ ಅವರು 5,000 ಮೀಟರ್ ಓಟದಲ್ಲಿ ವಿಶ್ವದಾಖಲೆ ಮಾಡಿದ್ದರು. ಚಾಟವೇ ಸಾಮಾನ್ಯ ಓಟಗಾರರಲ್ಲ, ನಿಜ. ಆದರೂ ಮೇ ತಿಂಗಳಿಗಿಂತ ಅಕ್ಟೋಬರ್ ಹತ್ತಿರವಿತ್ತೆಂಬ ನನ್ನ ಅನುಮಾನ ಹೋಗಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು. ಪತ್ರಿಕೆಗಳ ಕ್ರೀಡಾಪುಟ ನೋಡಿ ತಿಂಗಳಿಗೊಂದು ಹಾಳೆ ಬರೆದಿಟ್ಟುಕೊಳ್ಳುತ್ತೇನೆ ಮತ್ತು ಚರ್ಚೆಗೆ ಮೊದಲು ಜನವರಿಯಿಂದ ಆರಂಭಿಸಿ ಗಟ್ಟಿಯಾಗಿ ಓದಿಸುತ್ತೇನೆ. 2024ರ ಮೊದಲ ಹಾಳೆಯಲ್ಲಿ ಕೊಡಗಿನ ರೋಹನ್ ಬೋಪಣ್ಣ ಇದ್ದರು: 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು, ಡಬಲ್ಸ್‌ನಲ್ಲಿ ಮೊದಲ ಬಾರಿಗೆ ಅಗ್ರಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರ. ಕನ್ನಡಿಗರೇ ತುಂಬಿದ್ದ ಆ ಕೋಣೆಯಲ್ಲಿ ಅದು ನೆನಪಿದ್ದವರು ಕೆಲವರೇ.

ಹಾಳೆಗಳನ್ನು ಓದಿದ ಬಳಿಕ, ಹೆಸರು ಎತ್ತುವ ಮೊದಲು, ಮಾನದಂಡಗಳ ಮಾತು. ಎದುರಾಳಿಗಳ ಮಟ್ಟ, ಗೆಲುವು ಬಂದ ಕೂಟದ ತೂಕ, ವರ್ಷವಿಡೀ ಕಾಯ್ದುಕೊಂಡ ಮಟ್ಟ ಇವುಗಳಲ್ಲಿ ಹೆಚ್ಚಿನ ತಕರಾರು ಬರುವುದಿಲ್ಲ. ಸಣ್ಣದೊಂದು ತೊಡಕು ಕುಸ್ತಿಪಟು ವಿನೇಶ್ ಫೋಗಟ್ ಅವರದು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹಿಂದಿನ ಒಲಿಂಪಿಕ್ಸ್ ಚಾಂಪಿಯನ್, ಜಪಾನಿನ ಯುಯಿ ಸುಸಾಕಿ ಅವರನ್ನು ಸೋಲಿಸಿ ಫೈನಲ್ ತಲುಪಿ, ಮರುದಿನ 50 ಕಿಲೋ ಮಿತಿಗಿಂತ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಅನರ್ಹರಾದವರ ಗೆಲುವನ್ನು ಏನು ಮಾಡಬೇಕು? ಪದಕವಿಲ್ಲದಿದ್ದರೂ ಮ್ಯಾಟಿನ ಮೇಲೆ ನಡೆದ ಕುಸ್ತಿ ನಡೆದದ್ದೇ, ಅದನ್ನು ಎಣಿಸಬೇಕೆಂದು ತೀರ್ಮಾನಿಸಿದೆವು.

ನಿಜವಾದ ವಾಗ್ವಾದ ಹುಟ್ಟಿದ್ದು, ಕ್ರೀಡಾಪಟು ದಾಟಿಬಂದ ಕಷ್ಟವನ್ನು ಎಣಿಕೆಗೆ ಹಿಡಿಯಬೇಕೇ ಎಂಬಲ್ಲಿ. ನನ್ನ ಅಭಿಪ್ರಾಯ ಬೇಡವೆಂದೇ ಇತ್ತು, ಈಗಲೂ ಬಹುಮಟ್ಟಿಗೆ ಹಾಗೆಯೇ ಇದೆ. ಬಡತನವನ್ನು ಅಂಕವಾಗಿಸಿದರೆ ಪ್ರತಿಯೊಬ್ಬ ವಾದಿಯೂ ತನ್ನ ಆಟಗಾರನ ಮನೆಯ ಸೋರುವ ಮಾಡಿನ ಕಥೆ ತರುತ್ತಾನೆ, ಆಟ ಹಿಂದೆ ಸರಿಯುತ್ತದೆ. ಹಳಿಯಾಳದ ಕಡೆ ಬಹುಕಾಲ ಕಲಿಸಿದ ಅಕ್ಕೋರೊಬ್ಬರು ಇದನ್ನು ಒಪ್ಪಲಿಲ್ಲ. ಅವರು ಎತ್ತಿದ್ದು ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳ ಪ್ರಸ್ತಾಪ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನು ಓಟ, ಜಿಗಿತದ ತರಬೇತಿಗೆ ಆರಿಸಿಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. “ಮಾಸ್ತರ್ರೇ, ನೀವು ಗೆದ್ದವರ ಹಾಳೆ ಬರೀತೀರಿ. ಓಡೋಕೆ ಮೈದಾನವೇ ಸಿಗದೆ ವಾಪಸ್ ಬಂದವರದ್ದು ಯಾವ ತಿಂಗಳ ಹಾಳೆಯಲ್ಲಿದೆ?” ಎಂದು ಕೇಳಿದರು. ಕಷ್ಟ ಬೇರೆ, ಸಾಧನೆ ಬೇರೆ ಎಂದು ವಿಂಗಡಿಸುವುದು ಸೌಲಭ್ಯ ಇದ್ದವರಿಗೆ ಮಾತ್ರ ಸುಲಭ ಎಂಬುದು ಅವರ ವಾದದ ತಿರುಳು. ಬಹಳ ಹೊತ್ತಿನ ಮಾತಿನ ನಂತರ ಒಂದು ನಡುದಾರಿ ಒಪ್ಪಿಗೆಯಾಯಿತು. ಸಾಧನೆಯ ಮೇಲೆ ಇಬ್ಬರು ಸಮಸಮವಾಗಿ ನಿಂತಾಗ ಮಾತ್ರ, ಯಾರು ಎಷ್ಟು ಕಡಿಮೆ ನೆರವಿನಿಂದ ಅಲ್ಲಿಗೆ ಬಂದರು ಎಂಬುದನ್ನು ನೋಡಬಹುದು. ಅಕ್ಕೋರಿಗೆ ಇದು ಪೂರ್ತಿ ಸಮಾಧಾನ ತಂದಿಲ್ಲ, ಅವರ ಅಸಮಾಧಾನದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಇನ್ನು ಹೆಸರುಗಳು. ಆರಕ್ಕಿಂತ ಹೆಚ್ಚು ಹೆಸರುಗಳನ್ನು ಕಣಕ್ಕೆ ಬಿಡುವುದಿಲ್ಲ, ಯಾರ ಪರವಾಗಿ ಯಾರು ಮಾತನಾಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ. ತಾಳಮದ್ದಳೆಯಲ್ಲಿ ಇಂದು ಕರ್ಣನ ಅರ್ಥ ಹೇಳಿದವರು ನಾಳೆ ಕೃಷ್ಣನಾಗಿ ಕೂರುವಂತೆ, ಇಲ್ಲಿಯೂ ತನಗೆ ಪ್ರಿಯವಲ್ಲದ ಪಾತ್ರವನ್ನು ತೂಕವಾಗಿ ನಿಲ್ಲಿಸುವುದೇ ಕಸುಬು. ಎಲ್ಲ ಕ್ರಮಗಳಲ್ಲಿ ಅತ್ಯಂತ ಫಲ ಕೊಟ್ಟದ್ದು ಇದೇ. ಆ ಸಂಜೆ ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ಕುಮಟಾದ ತರುಣನೊಬ್ಬನಿಗೆ ಪ್ಯಾರಾ ಎತ್ತರ ಜಿಗಿತಗಾರ ಪ್ರವೀಣ್ ಕುಮಾರ್ ಹೆಸರಿನ ಚೀಟಿ ಬಂತು. 2021ರ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 2.07 ಮೀಟರ್ ಜಿಗಿದು ಬೆಳ್ಳಿ ಪಡೆದವರು ಪ್ಯಾರಿಸ್ಸಿನಲ್ಲಿ 2.08 ಜಿಗಿದು ಟಿ64 ವಿಭಾಗದ ಚಿನ್ನ ಗೆದ್ದದ್ದನ್ನು ಅವನು ಹೇಳಹೊರಟಾಗ, ಟೋಕಿಯೊ ಲೆಕ್ಕಕ್ಕಿಲ್ಲವೆಂದು ತಡೆಯಬೇಕಾಯಿತು. ಅವನು ಕೂಡಲೇ ದಾರಿ ಬದಲಿಸಿ, ಅದೇ ವರ್ಷ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಒಂದೂ ಚಿನ್ನವಿಲ್ಲದೆ ಆರು ಪದಕಗಳು ಬಂದರೆ ಪ್ಯಾರಾಲಿಂಪಿಕ್ಸ್‌ನಲ್ಲಿ ಏಳು ಚಿನ್ನಗಳೊಂದಿಗೆ 29 ಪದಕಗಳು ಬಂದವೆಂದು ನೆನಪಿಸಿದನು.

ಮುಂದಿನದು ಪ್ರಶ್ನೆಯ ಸುತ್ತು. ಪ್ರಶ್ನೆ ಕೇಳುವವರು ಎದುರಿನವರ ವಾದವನ್ನು ಮೊದಲು ತಮ್ಮ ಮಾತಿನಲ್ಲಿ ಹೇಳಬೇಕು, ಎದುರಿನವರು “ಹೌದು, ನಾನು ಹೇಳಿದ್ದು ಅದೇ” ಎಂದ ಮೇಲೆಯೇ ಪ್ರಶ್ನೆ. ಮಾತಿನ ಬಿಸಿ ಇಳಿಸಲು ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಸಿಕ್ಕಿಲ್ಲ. ಪ್ರವೀಣ್ ಪರ ವಾದಕ್ಕೆ ಬಂದ ಪ್ರಶ್ನೆ, ಏಳು ಚಿನ್ನಗಳಲ್ಲಿ ಇವರದನ್ನೇ ಏಕೆ ಆರಿಸಬೇಕು, ಅವನಿ ಲೇಖರಾ, ಸುಮಿತ್ ಅಂತಿಲ್ ಅವರು ಗೆದ್ದದ್ದೂ ಅದೇ ಚಿನ್ನವಲ್ಲವೇ ಎಂಬುದಾಗಿತ್ತು. ತರುಣನ ಬಳಿ ತಕ್ಕ ಉತ್ತರವಿರಲಿಲ್ಲ. ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಶೂಟರ್ ಮನು ಭಾಕರ್ ಪರ ಮಾತನಾಡಿದವರು, 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೆಯವರಾದದ್ದನ್ನೂ ಸೇರಿಸಿ, ಮೂರು ಸ್ಪರ್ಧೆಗಳಲ್ಲಿಯೂ ಕೊನೆಯವರೆಗೆ ನಿಂತವರೆಂದು ಚೆನ್ನಾಗಿ ವಾದಿಸಿದರು. ಆದರೆ ಸಂಜೆಯ ಬಿಸಿಯೆಲ್ಲ ಚದುರಂಗದ ಗುಕೇಶ್ ಮತ್ತು ಕ್ರಿಕೆಟಿಗ ಜಸ್‌ಪ್ರೀತ್ ಬೂಮ್ರಾ ನಡುವೆ ಇತ್ತು. ಸಿಂಗಪುರದಲ್ಲಿ ಡಿಸೆಂಬರ್ 12ರಂದು 18ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಗುಕೇಶ್ ಸೋಲಿಸಿದ್ದು ಆಟದ ಲಯ ಕಳೆದುಕೊಂಡಿದ್ದ ಡಿಂಗ್ ಲಿರೆನ್ ಅವರನ್ನಲ್ಲವೇ, ವಿಶ್ವದ ಅಗ್ರಶ್ರೇಯಾಂಕದ ಮ್ಯಾಗ್ನಸ್ ಕಾರ್ಲ್‌ಸನ್ ಕಣದಲ್ಲಿಯೇ ಇರಲಿಲ್ಲವಲ್ಲ ಎಂಬ ಪ್ರಶ್ನೆ ಬಂತು. ಹದಿನಾಲ್ಕನೆಯ ಆಟದಲ್ಲಿ ಡಿಂಗ್ ತಪ್ಪು ನಡೆ ಇಟ್ಟದ್ದು ನಿಜವಾದರೂ, ಏಪ್ರಿಲಿನಲ್ಲಿ ಟೊರಾಂಟೊದ ಕ್ಯಾಂಡಿಡೇಟ್ಸ್ ಪಂದ್ಯಾವಳಿ ಗೆದ್ದೇ ಅಲ್ಲಿಗೆ ಬಂದದ್ದು, ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಮೊದಲ ಫಲಕದಲ್ಲಿ ಆಡಿ ತಂಡಕ್ಕೆ ಚಿನ್ನ ತಂದುಕೊಟ್ಟದ್ದು ತಪ್ಪು ನಡೆಯ ಫಲವಲ್ಲ ಎಂಬ ಉತ್ತರ ಗಟ್ಟಿಯಾಗಿತ್ತು. ಬೂಮ್ರಾ ಪರವಾಗಿ ಟಿ20 ವಿಶ್ವಕಪ್‌ನ 15 ವಿಕೆಟ್‌ಗಳೂ ಸರಣಿಶ್ರೇಷ್ಠ ಗೌರವವೂ ವರ್ಷದ 71 ಟೆಸ್ಟ್ ವಿಕೆಟ್‌ಗಳೂ ಇದ್ದವು. ಹಿಂದಿನ ದಿನವಷ್ಟೇ ಮೆಲ್ಬರ್ನ್ ಟೆಸ್ಟ್ ಸೋತಿದ್ದೆವು; ಸೋತ ತಂಡದಲ್ಲಿ ಒಬ್ಬನೇ ನಿಂತು ಬೌಲ್ ಮಾಡಿದವನ ವರ್ಷ ಇನ್ನೂ ದೊಡ್ಡದು ಎಂಬ ಮಾತಿಗೆ ಕೋಣೆಯಲ್ಲಿ ತಲೆದೂಗಿದವರು ಹಲವರು.

ಮತದಾನದಲ್ಲಿ ಒಬ್ಬೊಬ್ಬರೂ ಮೂರು ಹೆಸರುಗಳನ್ನು ಕ್ರಮವಾಗಿ ಬರೆಯುತ್ತಾರೆ. ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಅಂಕ. ಈ ಕ್ರಮ ಏಕೆ ಬೇಕೆಂಬುದು ಆ ಸಂಜೆಯೇ ಕಣ್ಣಿಗೆ ಕಂಡಿತು. ಮೊದಲ ಆಯ್ಕೆಗಳನ್ನಷ್ಟೇ ಎಣಿಸಿದ್ದರೆ ಬೂಮ್ರಾ ಮುಂದಿದ್ದರು. ಕ್ರಿಕೆಟಿಗರಲ್ಲದ ಅಭ್ಯರ್ಥಿಗಳ ಬೆಂಬಲಿಗರಲ್ಲಿ ಹೆಚ್ಚಿನವರು ಎರಡನೆಯ ಸ್ಥಾನದಲ್ಲಿ ಗುಕೇಶ್ ಹೆಸರು ಬರೆದಿದ್ದರಿಂದ, ಒಟ್ಟು ಅಂಕಗಳಲ್ಲಿ ಗುಕೇಶ್ ಗೆದ್ದರು. ಒಂದು ಆಟದ ದೊಡ್ಡ ಅಭಿಮಾನಿ ಬಳಗ ಉಳಿದವರನ್ನು ಮೀರಿಸುವುದನ್ನು ತಪ್ಪಿಸಿದ ಕ್ರಮವೆಂದು ಕೆಲವರು ಮೆಚ್ಚಿದರು, ಯಾರಿಗೂ ಬೇಸರವಾಗದವನನ್ನು ಗೆಲ್ಲಿಸುವ ಕ್ರಮವೆಂದು ಕಾರವಾರದ ಗೆಳೆಯರೊಬ್ಬರು ಮೂದಲಿಸಿದರು. ಎರಡು ದಿನ ಕಳೆದ ಮೇಲೆ ಪ್ರಕಟವಾದ ಖೇಲ್ ರತ್ನ ಪಟ್ಟಿಯಲ್ಲಿ ಗುಕೇಶ್, ಮನು ಭಾಕರ್, ಹಾಕಿ ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರೊಂದಿಗೆ ಪ್ರವೀಣ್ ಕುಮಾರ್ ಹೆಸರೂ ಇತ್ತು. ಕುಮಟಾದ ತರುಣ ತಾನು ಗೆದ್ದೆನೆಂದು ಅಂದೇ ಫೋನ್ ಮಾಡಿದ. ಸರ್ಕಾರದ ಪ್ರಶಸ್ತಿ ನಾಲ್ವರಿಗೂ ಸಲ್ಲಬಹುದು, ನಮ್ಮದು ಒಬ್ಬರಿಗೇ; ಆದ್ದರಿಂದಲೇ ನಮ್ಮ ಚರ್ಚೆ ಹೆಚ್ಚು ಕಠಿಣವೆಂದು ನಾನು ನಂಬುತ್ತೇನೆ.

2025ರ ಹಾಳೆಗಳು ಹೊಸ ಪ್ರಶ್ನೆಯನ್ನು ತಂದವು. ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ಏಕದಿನ ವಿಶ್ವಕಪ್ ಗೆದ್ದದ್ದನ್ನು ಯಾರ ಹೆಸರಿಗೆ ಬರೆಯುವುದು? ಸೆಮಿಫೈನಲಿನಲ್ಲಿ ಅಜೇಯ 127 ಹೊಡೆದ ಜೆಮಿಮಾ ರಾಡ್ರಿಗಸ್, ಫೈನಲಿನಲ್ಲಿ 58 ಓಟ ಗಳಿಸಿ ಐದು ವಿಕೆಟ್ ಕಿತ್ತು ಸರಣಿಶ್ರೇಷ್ಠರಾದ ದೀಪ್ತಿ ಶರ್ಮಾ, ಗಾಯಗೊಂಡವರ ಬದಲಿಗೆ ಬಂದು 87 ಗಳಿಸಿದ ಶಫಾಲಿ ವರ್ಮಾ ಮೂವರೂ ಇಲ್ಲದೆ ಆ ಗೆಲುವಿಲ್ಲ. ತಂಡವನ್ನೇ ಒಬ್ಬ ಅಭ್ಯರ್ಥಿಯಾಗಿ ಎಣಿಸೋಣವೆಂದರು ಹಲವರು. ಹಾಗೆ ಮಾಡಿದರೆ ಒಬ್ಬಂಟಿಯಾಗಿ ಆಡುವವರು ಹನ್ನೊಂದು ಜನರ ಎದುರು ನಿಲ್ಲಬೇಕಾಗುತ್ತದೆ ಎಂಬುದು ನನ್ನ ಆಕ್ಷೇಪ. ತಂಡದ ಆಟದಿಂದ ಒಬ್ಬರನ್ನು ಮಾತ್ರ ಕಣಕ್ಕಿಳಿಸಬಹುದು, ಆ ಒಬ್ಬರನ್ನು ಅವರ ಪರ ವಾದಿಸುವವರಲ್ಲ, ಉಳಿದ ಆಟಗಳನ್ನು ನೋಡುವವರು ಆರಿಸಬೇಕೆಂಬ ನಿಯಮವನ್ನು ಸೇರಿಸಿದೆವು. ಅವರು ಆರಿಸಿದ್ದು ದೀಪ್ತಿ ಶರ್ಮಾ ಅವರನ್ನು.